ಸೋತವರು ಸೋಮವಾರ ಕೆಲಸಕ್ಕೆ ಬರುತ್ತಾರೆಯೇ?

(ಆನ್‌ಲೈನ್ ಸ್ವಯಂಸೇವಕ ಗುಂಪುಗಳನ್ನು ನಡೆಸುವವರ ಮುಂದೆ ಆಡಿದ ಮಾತಿನ ಬರಹ ರೂಪ. ಮಾತಿನಲ್ಲಿ ಸಲ್ಲುವ ಪುನರುಕ್ತಿ ಬರಹದಲ್ಲಿ ಸಲ್ಲದು, ಅದನ್ನು ಕತ್ತರಿಸಿದ್ದೇನೆ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಉಳಿಸಿಕೊಂಡಿದ್ದೇನೆ.)

ಗೂಢಲಿಪಿ ಶಾಸ್ತ್ರದ ಘಟಾನುಘಟಿಗಳೆಲ್ಲ ಸದಸ್ಯರಾಗಿರುವ ಅಂತರರಾಷ್ಟ್ರೀಯ ಸಂಘವೊಂದಿದೆ, ಐಎಸಿಆರ್ ಅಂತ. ತನ್ನ ಪದಾಧಿಕಾರಿಗಳ ಚುನಾವಣೆಯನ್ನು ಅದು ಹೆಲಿಯೊಸ್ ಎಂಬ ತಂತ್ರಾಂಶದಲ್ಲಿ ನಡೆಸುತ್ತದೆ. ಯಾರ ಮತ ಯಾರಿಗೆ ಬಿತ್ತೆಂದು ಯಾರಿಗೂ ತಿಳಿಯದು, ಆದರೆ ಎಣಿಕೆ ಸರಿಯಿದೆಯೇ ಎಂದು ಯಾರು ಬೇಕಾದರೂ ಪರೀಕ್ಷಿಸಿ ನೋಡಬಹುದು, ಅಂಥ ಏರ್ಪಾಡು. ಮತಪೆಟ್ಟಿಗೆ ತೆರೆಯುವ ಕೀಲಿಯನ್ನು ಮೂವರು ಧರ್ಮದರ್ಶಿಗಳಿಗೆ ಹಂಚಿದ್ದರು. ಮೂವರೂ ತಮ್ಮ ಪಾಲಿನ ಕೀಲಿ ತಂದರೇನೇ ಪೆಟ್ಟಿಗೆ ತೆರೆಯುವುದು. 2025ರಲ್ಲಿ ಮತದಾನ ಸುಸೂತ್ರವಾಗಿ ಮುಗಿಯಿತು. ಎಣಿಕೆಗೆ ಕೂತಾಗ ನೋಡಿದರೆ ಒಬ್ಬರ ಕೀಲಿ ಕಳೆದುಹೋಗಿದೆ. ಬೀಗ ಮಾಡುವುದರಲ್ಲಿ ಲೋಕಕ್ಕೇ ಗುರುಗಳಾದವರು ತಮ್ಮದೇ ಬಾಗಿಲ ಮುಂದೆ ಕೀಲಿಯಿಲ್ಲದೆ ನಿಂತಿದ್ದರು.

ಅವರು ಮುಂದೆ ಮಾಡಿದ್ದನ್ನು ನೋಡಿ. ಹೀಗಾಯಿತು ಎಂದು ಸದಸ್ಯರಿಗೆಲ್ಲ ತಿಳಿಸಿದರು, ಆ ಮತದಾನವನ್ನು ಕೈಬಿಟ್ಟರು, ಹೊಸದಾಗಿ ಚುನಾವಣೆ ಕರೆದರು, ಇನ್ನು ಮುಂದೆ ಮೂವರಲ್ಲಿ ಇಬ್ಬರ ಕೀಲಿ ಇದ್ದರೆ ಸಾಕು ಎಂದು ವ್ಯವಸ್ಥೆ ಬದಲಿಸಿದರು. ನನ್ನ ಲೆಕ್ಕದಲ್ಲಿ ಅದು ಕೆಟ್ಟುನಿಂತ ಚುನಾವಣೆ. ಅನ್ಯಾಯದ ಚುನಾವಣೆ ಎನ್ನಲಾರೆ. ಇದಕ್ಕೆ ತದ್ವಿರುದ್ಧವಾದವನ್ನು ನಾನು ಕಣ್ಣಾರೆ ಕಂಡಿದ್ದೇನೆ: ತಾಂತ್ರಿಕವಾಗಿ ಒಂದು ಕೊಂಕಿಲ್ಲ, ಎಣಿಕೆ ಕರಾರುವಾಕ್ಕು, ಫಲಿತಾಂಶ ಹೇಳಿದ ಮರುವಾರ ಗುಂಪಿನ ಅರ್ಧಕ್ಕರ್ಧ ಜನ ನಾಪತ್ತೆ.

ನಮ್ಮ ಗುಂಪುಗಳ ವಿಚಿತ್ರವೇ ಇದು. ದೇಶದ ಚುನಾವಣೆಯಲ್ಲಿ ಸೋತವನು ದೇಶ ಬಿಟ್ಟು ಹೋಗುವುದಿಲ್ಲ. ಕಂಪನಿಯಲ್ಲಿ ಬಡ್ತಿ ತಪ್ಪಿದವನಿಗೆ ತಿಂಗಳ ಕೊನೆಗೆ ಸಂಬಳವಾದರೂ ಇದೆ. ಸ್ವಯಂಸೇವಕನನ್ನು ಹಿಡಿದಿಟ್ಟುಕೊಳ್ಳಲು ನಮ್ಮ ಹತ್ತಿರ ಏನೂ ಇಲ್ಲ. ಅವನು ಜಗಳಕ್ಕೂ ಬರುವುದಿಲ್ಲ. ಸುಮ್ಮನೆ ಲಾಗಿನ್ ಆಗುವುದನ್ನು ನಿಲ್ಲಿಸುತ್ತಾನೆ, ಅಷ್ಟೆ. ಹಾಗಾಗಿ ಯಾವ ಗುಂಪು ಚುನಾವಣೆ ಮಾಡಿದರೂ ನಾನು ಕೇಳುವುದು ಒಂದೇ ಪ್ರಶ್ನೆ: ಸೋತವರು ಸೋಮವಾರ ಕೆಲಸಕ್ಕೆ ಬಂದರೇ? ಬರಬೇಕಾದರೆ ಏನೇನು ಮಾಡಬೇಕು ಎಂಬುದಷ್ಟೇ ಇವತ್ತಿನ ಮಾತು. ಅದರಲ್ಲಿ ಮುಕ್ಕಾಲು ಪಾಲು ಕೆಲಸ ಮತದಾನಕ್ಕೆ ಮೊದಲೇ ಇದೆ.

ಮೊದಲಿಗೆ ಮತದಾರರ ಪಟ್ಟಿ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಮಾತಾಡುತ್ತೇನೆ, ಏಕೆಂದರೆ ನಾನು ಕಂಡ ಬಹುತೇಕ ಜಗಳಗಳ ಬೇರು ಅಲ್ಲೇ ಇತ್ತು.

ನಮ್ಮ ಗುಂಪಿನ ಸದಸ್ಯರು ಯಾರು? ಕೇಳಿದರೆ ಎಲ್ಲರೂ ನಗುತ್ತಾರೆ, ಅಷ್ಟೂ ಗೊತ್ತಿಲ್ಲವೇ ಅಂತ. ಹಾಗಾದರೆ ಪಟ್ಟಿ ಬರೆದುಕೊಡಿ ಎಂದರೆ ನಗು ನಿಲ್ಲುತ್ತದೆ. ಚಾಟ್ ಗುಂಪಿನಲ್ಲಿ ಮುನ್ನೂರು ಜನ ಇರುತ್ತಾರೆ. ಮಾತಾಡುವವರು ನಲವತ್ತು. ಕೆಲಸ ಮಾಡುವವರು ಹದಿನೈದು. ಮೂರು ವರ್ಷ ಎತ್ತಿನಂತೆ ದುಡಿದು, ಈಗ ಆರು ತಿಂಗಳಿಂದ ಕಾಣದವರು ಐದಾರು ಮಂದಿ. ಇವರಲ್ಲಿ ಯಾರಿಗೆ ಮತ? ಮುನ್ನೂರು ಜನಕ್ಕೂ ಕೊಟ್ಟರೆ ಗೆಳೆಯರನ್ನು ಕರೆತಂದು ತುಂಬಿಸುವವನು ಗೆಲ್ಲುತ್ತಾನೆ. ಹದಿನೈದು ಜನಕ್ಕೇ ಸೀಮಿತ ಮಾಡಿದರೆ ಅದು ಚುನಾವಣೆಯ ವೇಷ ಹಾಕಿದ ಪಟಾಲಂ.

ಸ್ವಯಂಸೇವಕರೇ ಸೇರಿ ಬರೆಯುವ ಲೋಕದ ಭೂಪಟ ಓಪನ್‌ಸ್ಟ್ರೀಟ್‌ಮ್ಯಾಪ್. ಅದರ ಫೌಂಡೇಶನ್ನಿನ ಅನುಭವ ಇಲ್ಲಿ ನೆನೆಯಬೇಕು. 2018ರಲ್ಲಿ ಅಲ್ಲಿನ ಆಡಳಿತ ಮಂಡಳಿಯ ಚುನಾವಣೆಗೆ ಸ್ವಲ್ಪ ಮುಂಚೆ ಒಂದೇ ಕಂಪನಿಯ ಉದ್ಯೋಗಿಗಳಿಂದ ನೂರರ ಆಸುಪಾಸು ಸದಸ್ಯತ್ವದ ಅರ್ಜಿಗಳು ಒಟ್ಟೊಟ್ಟಿಗೆ ಬಂದವು. ಸದಸ್ಯರೇ ಮತದಾರರು, ಶುಲ್ಕ ಕಟ್ಟಿದವರೆಲ್ಲ ಸದಸ್ಯರು ಎಂಬ ನಿಯಮ ಇದ್ದ ಕಡೆ ಆ ನೂರು ಅರ್ಜಿಗೆ ಏನನ್ನಬೇಕು? ಆ ಪ್ರಶ್ನೆ ತುಂಬ ಚರ್ಚೆ ಎಬ್ಬಿಸಿತು. ನಾನು ಅದರ ತೀರ್ಪಿಗೆ ಹೋಗುವುದಿಲ್ಲ. ನಾವು ಕಲಿಯಬೇಕಾದ್ದು ಸರಳವಾಗಿದೆ: ಪಟ್ಟಿಗೆ ಸೇರುವ ಕೊನೆಯ ದಿನ ಚುನಾವಣೆಯ ಸುದ್ದಿ ಏಳುವುದಕ್ಕೆ ಮೊದಲೇ ದಾಟಿರಬೇಕು. ಚುನಾವಣೆ ಘೋಷಿಸಿ, ಆಮೇಲೆ ಅರ್ಹತೆ ಏನೆಂದು ಚರ್ಚಿಸುವುದೆಂದರೆ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಇಂಗ್ಲಿಷ್ ವಿಕಿಪೀಡಿಯಾದಲ್ಲಿ ಸಂಪಾದಕರ ಜಗಳ ತೀರ್ಮಾನಿಸುವ ಪಂಚಾಯ್ತಿ ಸಮಿತಿಗೆ ಮತ ಹಾಕಬೇಕಾದರೆ ಲೇಖನಗಳಲ್ಲಿ ಕನಿಷ್ಠ 150 ಸಂಪಾದನೆ ಮಾಡಿರಬೇಕು, ಅದೂ ಮುಂಚೆಯೇ ಗೊತ್ತುಪಡಿಸಿದ ದಿನದೊಳಗೆ. ಇಂಥ ಎಣಿಕೆಯ ಅರ್ಹತೆಯಲ್ಲಿ ಒಂದು ದೊಡ್ಡ ಅನುಕೂಲವಿದೆ. ಅಲ್ಲಿ ಯಾರ ಮರ್ಜಿಯೂ ನಡೆಯದು. ಅಷ್ಟೇ ದೊಡ್ಡ ತೊಡಕೂ ಇದೆ. ಯಂತ್ರ ಎಣಿಸಬಲ್ಲ ಕೆಲಸ ಮಾತ್ರ ಕೆಲಸವೆನಿಸಿಕೊಳ್ಳುತ್ತದೆ. ಹೊಸಬರ ಅದೇ ಪ್ರಶ್ನೆಗೆ ನೂರನೇ ಸಲ ತಾಳ್ಮೆಯಿಂದ ಉತ್ತರಿಸುವವರು, ಸಭೆಯ ನಡಾವಳಿ ಬರೆಯುವವರು, ಜಗಳ ಬಿಡಿಸುವವರು ಎಣಿಕೆಯ ಜರಡಿಯಲ್ಲಿ ಉದುರಿಹೋಗುತ್ತಾರೆ. ಗುಂಪು ಉಸಿರಾಡುತ್ತಿರುವುದು ಅವರಿಂದಲೇ. ಸ್ವಯಂಸೇವಕರು ಕಟ್ಟುವ ಮುಕ್ತ ತಂತ್ರಾಂಶವಾದ ಡೆಬಿಯನ್ ಯೋಜನೆ ಈ ಪ್ರಶ್ನೆಯನ್ನು 2010ರಲ್ಲಿ ಮತಕ್ಕೇ ಹಾಕಿತು. ಸಾಫ್ಟ್‌ವೇರ್ ಪ್ಯಾಕೇಜು ಕಟ್ಟದಿದ್ದರೂ ಅನುವಾದ, ದಾಖಲೀಕರಣದಂಥ ಕೆಲಸ ಮಾಡುವವರನ್ನು ಮತದ ಹಕ್ಕಿರುವ ಪೂರ್ಣ ಸದಸ್ಯರೆಂದು ಒಪ್ಪಿಕೊಂಡಿತು.

ಸಣ್ಣ ಗುಂಪಿಗೆ ನಾನು ಹೇಳುವ ದಾರಿ ಇದು. ಎಣಿಕೆಯಿಂದ ಒಂದು ಪಟ್ಟಿ ತೆಗೆಯಿರಿ. ಎಣಿಕೆಗೆ ಸಿಗದವರು ತಾವು ಕಳೆದ ವರ್ಷ ಏನು ಮಾಡಿದೆವೆಂದು ಎರಡು ಸಾಲು ಬರೆದು, ಪಟ್ಟಿಯಲ್ಲಿರುವ ಇಬ್ಬರ ಅನುಮೋದನೆ ಪಡೆದು ಸೇರಲಿ. ಕರಡು ಪಟ್ಟಿಯನ್ನು ಎಲ್ಲರಿಗೂ ಕಾಣುವಂತೆ ಒಂದು ವಾರ ಹಾಕಿ, ಆಕ್ಷೇಪಣೆ ಕೇಳಿ, ಆಮೇಲೆ ಮುಚ್ಚಿ. ಇದೆಲ್ಲ ಮುಗಿಯುವವರೆಗೆ ಉಮೇದುವಾರರ ಹೆಸರು ಹೊರಬರಕೂಡದು. ಇದೇ ಗುಟ್ಟು. ಯಾರು ನಿಂತಿದ್ದಾರೆಂದು ಗೊತ್ತಾದ ಮೇಲೆ ಪಟ್ಟಿಯ ಮೇಲಿನ ಪ್ರತಿ ಆಕ್ಷೇಪಣೆಯೂ ಯಾರದೋ ಪರ, ಯಾರದೋ ವಿರುದ್ಧವಾಗಿ ಕಾಣತೊಡಗುತ್ತದೆ.

ಇನ್ನು ಚುನಾವಣಾಧಿಕಾರಿ. ಈಗಿನ ಸಂಚಾಲಕರೇ ಮತ್ತೆ ನಿಂತು, ಅವರೇ ಮತದ ಕೊಂಡಿ ಕಳಿಸಿ, ಅವರೇ ಎಣಿಸುವುದನ್ನು ನೋಡಿದ್ದೇನೆ. ಅವರು ಪ್ರಾಮಾಣಿಕರೇ ಇರಬಹುದು, ಹೆಚ್ಚಿನವರು ಇರುತ್ತಾರೆ ಕೂಡ. ಆದರೆ ನಲವತ್ತು ಮತದಲ್ಲಿ ಎರಡರ ಅಂತರದಿಂದ ಅವರೇ ಗೆದ್ದಾಗ, ಆ ಪ್ರಾಮಾಣಿಕತೆಗೆ ಸಾಕ್ಷಿ ಹೇಳುವವರು ಯಾರು? ಚುನಾವಣೆ ನಡೆಸುವವರು ನಿಲ್ಲಬಾರದು, ಯಾರಿಗೂ ಸೂಚಕರಾಗಬಾರದು, ಪ್ರಚಾರದ ಚರ್ಚೆಯಲ್ಲಿ ಬಾಯಿ ಹಾಕಬಾರದು. ಗುಂಪಿನಲ್ಲಿ ಅಂಥವರು ಸಿಗದಿದ್ದರೆ ಪಕ್ಕದ ಗುಂಪಿನಿಂದ ಕರೆತನ್ನಿ. ವಿಕಿಪೀಡಿಯಾದ ಅದೇ ಸಮಿತಿಯ ಚುನಾವಣೆಯಲ್ಲಿ ಕಳ್ಳ ಖಾತೆಗಳ ಮತ ಹಿಡಿಯುವ ಪರಿಶೀಲಕರು ಬೇರೆ ವಿಕಿಗಳಿಂದ ಬರುತ್ತಾರೆ. ಅಲ್ಲಿನ ಒಳಜಗಳದಲ್ಲಿ ಅವರಿಗೆ ಪಾಲಿಲ್ಲ, ಅದೇ ಅವರ ಯೋಗ್ಯತೆ.

ದಿನಾಂಕದ ವಿಷಯಕ್ಕೆ ಬಂದರೆ ನನ್ನದೇ ಒಂದು ಪೆದ್ದುತನ ಹೇಳಬೇಕು. ಒಮ್ಮೆ ನಾನು ಚುನಾವಣಾಧಿಕಾರಿ. ‘ಶುಕ್ರವಾರ ಮಧ್ಯರಾತ್ರಿ ಮತದಾನ ಮುಕ್ತಾಯ’ ಎಂದು ಬರೆದೆ. ಯಾವ ಮಧ್ಯರಾತ್ರಿ? ಶುಕ್ರವಾರ ಶುರುವಾಗುವ ಮಧ್ಯರಾತ್ರಿಯೋ ಮುಗಿಯುವ ಮಧ್ಯರಾತ್ರಿಯೋ? ಯಾರ ಗಡಿಯಾರದ್ದು? ಗುಂಪಿನವರು ಹತ್ತು ಗಂಟೆಗೂ ಹೆಚ್ಚು ಅಂತರದ ಕಾಲವಲಯಗಳಲ್ಲಿ ಹರಡಿದ್ದರು. ನಾನು ಪೆಟ್ಟಿಗೆ ಮುಚ್ಚಿದ ಮೇಲೆ ನಾಲ್ವರು ಬಂದು ಬಾಗಿಲು ತಟ್ಟಿದರು, ಅವರ ಗಡಿಯಾರದಲ್ಲಿ ಇನ್ನೂ ಶುಕ್ರವಾರದ ಹಗಲು. ಅಂತರ ಮೂರು ಮತದ್ದು. ಮರುಮತದಾನ ಮಾಡದೆ ಗತ್ಯಂತರವಿರಲಿಲ್ಲ. ಅವತ್ತಿನಿಂದ ಯುಟಿಸಿ, ಅಂದರೆ ಲೋಕಕ್ಕೆಲ್ಲ ಒಂದೇ ಆದ ಪ್ರಮಾಣ ಸಮಯ, ಬರೆಯದೆ ಯಾವ ಗಡುವನ್ನೂ ಪ್ರಕಟಿಸಿಲ್ಲ, ಮಧ್ಯರಾತ್ರಿ ಎಂಬ ಪದವನ್ನಂತೂ ಬಿಟ್ಟೇಬಿಟ್ಟಿದ್ದೇನೆ. ಮಧ್ಯಾಹ್ನ ಹನ್ನೆರಡು, ಯುಟಿಸಿ, ಇಂಥ ವಾರ, ಇಂಥ ತಾರೀಖು. ಮತದಾನ ಕನಿಷ್ಠ ಏಳು ದಿನ ತೆರೆದಿರಲಿ, ವಾರದ ದಿನಗಳಲ್ಲಿ ಬಿಡುವಿಲ್ಲದವರಿಗೂ ವಾರಾಂತ್ಯದಲ್ಲಿ ಕಂಪ್ಯೂಟರ್ ಮುಟ್ಟದವರಿಗೂ ಸಲ್ಲುವಂತೆ. ಡೆಬಿಯನ್ನಿನಲ್ಲಿ ನಾಯಕನ ಚುನಾವಣೆಗೆ ನಾಮಪತ್ರಕ್ಕೆ ಒಂದು ವಾರ, ಪ್ರಚಾರಕ್ಕೆ ಮೂರು, ಮತದಾನಕ್ಕೆ ಎರಡು ವಾರ ಇಟ್ಟಿದ್ದಾರೆ. ನಲವತ್ತು ಜನರ ಗುಂಪಿಗೆ ಅಷ್ಟು ಬೇಡ, ಆದರೆ ಅನುಪಾತ ಗಮನಿಸಿ: ಪ್ರಶ್ನೆ ಕೇಳಲು ಸಿಗುವ ಕಾಲವೇ ಎಲ್ಲಕ್ಕಿಂತ ಹೆಚ್ಚು.

ಪ್ರಚಾರದಲ್ಲಿ ನನಗೆ ಇಷ್ಟವಾದ ಪದ್ಧತಿ, ಎಲ್ಲ ಉಮೇದುವಾರರೂ ಒಂದೇ ಪ್ರಶ್ನಾವಳಿಗೆ ಬರೆದು ಉತ್ತರಿಸುವುದು. ವಿಡಿಯೊ ಚರ್ಚೆ ಇಟ್ಟರೆ ಇಂಗ್ಲಿಷ್ ನಿರರ್ಗಳವಾಗಿ ಮಾತಾಡುವವರು, ಒಳ್ಳೆಯ ಇಂಟರ್ನೆಟ್ ಇರುವವರು ಅರ್ಧ ಗೆದ್ದಂತೆ. ಒಂದು ಪ್ರಶ್ನೆಯನ್ನಂತೂ ಬಿಡಬೇಡಿ: ವಾರಕ್ಕೆ ಎಷ್ಟು ಗಂಟೆ ಕೊಡಬಲ್ಲಿರಿ?

ಗುಪ್ತ ಮತದ ವಿಷಯದಲ್ಲಿ ನಾನು ಹಟಮಾರಿ. ‘ನಾವೆಲ್ಲ ಸ್ನೇಹಿತರು, ಚಾಟಿನಲ್ಲೇ ಹೆಬ್ಬೆರಳು ಎತ್ತಿಬಿಡೋಣ’ ಎನ್ನುತ್ತಾರೆ. ಸ್ನೇಹಿತರಾಗಿರುವುದೇ ಗುಪ್ತ ಮತಕ್ಕೆ ಕಾರಣ. ಶತ್ರುವಿನ ಎದುರು ಕೈ ಎತ್ತದಿರಲು ಧೈರ್ಯ ಬೇಕಿಲ್ಲ. ನಿನ್ನೆ ರಾತ್ರಿ ನನ್ನ ತಪ್ಪು ತಿದ್ದಿಕೊಟ್ಟ ಗೆಳತಿಯ ಎದುರು ಇನ್ನೊಬ್ಬರಿಗೆ ಕೈ ಎತ್ತುವುದಿದೆಯಲ್ಲ, ಅಲ್ಲಿ ದಾಕ್ಷಿಣ್ಯ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಹೆಬ್ಬೆರಳ ಮತದಲ್ಲಿ ಇನ್ನೊಂದು ಕಂಟಕವೂ ಇದೆ: ಮೊದಲ ಐದು ಹೆಬ್ಬೆರಳು ಎದ್ದ ಕಡೆಗೇ ಉಳಿದವೂ ವಾಲುತ್ತವೆ. ಇಂಗ್ಲಿಷ್ ವಿಕಿಪೀಡಿಯಾ ತನ್ನ ಆ ಸಮಿತಿಗೆ ಬಹಿರಂಗ ಮತದಾನ ಮಾಡುತ್ತಿತ್ತು, 2009ರಲ್ಲಿ ಗುಪ್ತ ಮತಕ್ಕೆ ಹೊರಳಿತು. ಡೆಬಿಯನ್ನಿನಲ್ಲಿ ನಾಯಕನ ಚುನಾವಣೆ ಮೊದಲಿಂದಲೂ ಗುಪ್ತ, ಮಿಕ್ಕ ನಿರ್ಣಯಗಳು ಬಹಿರಂಗ ಇದ್ದವು. 2022ರಲ್ಲಿ ಅವನ್ನೂ ಗುಪ್ತ ಮಾಡಿದರು.

ಗುಪ್ತ ಎಂದ ಕೂಡಲೇ ‘ಹಾಗಾದರೆ ಎಣಿಕೆಯನ್ನು ನಂಬುವುದು ಹೇಗೆ’ ಎಂಬ ಪ್ರಶ್ನೆ ಏಳುತ್ತದೆ. ಡೆಬಿಯನ್ ಇದಕ್ಕೆ ಕಂಡುಕೊಂಡದ್ದು ಚಂದದ ಉಪಾಯ. ಮತ ಹಾಕಿದವರಿಗೆ ಅವರಿಗಷ್ಟೇ ಗೊತ್ತಿರುವ ಗುಟ್ಟಿನ ಸಂಕೇತವೊಂದು ಸಿಗುತ್ತದೆ. ಚುನಾವಣೆ ಮುಗಿದ ಮೇಲೆ ಎಲ್ಲ ಮತಗಳ ಪಟ್ಟಿ ಪ್ರಕಟವಾಗುತ್ತದೆ, ಹೆಸರಿನ ಜಾಗದಲ್ಲಿ ಆ ಸಂಕೇತದಿಂದ ಹುಟ್ಟಿದ ಅಕ್ಷರಮಾಲೆ. ನನ್ನ ಸಾಲನ್ನು ನಾನು ಹುಡುಕಿಕೊಳ್ಳಬಹುದು, ಇಡೀ ಪಟ್ಟಿಯನ್ನು ನಾನೇ ಮತ್ತೆ ಎಣಿಸಬಹುದು, ಪಕ್ಕದವರ ಸಾಲು ಯಾವುದೆಂದು ಮಾತ್ರ ತಿಳಿಯದು. ಒಂದು ಎಚ್ಚರಿಕೆ: ಹನ್ನೆರಡು ಜನರ ಗುಂಪಿನಲ್ಲಿ ಪೂರ್ತಿ ಮತಪತ್ರ ಪ್ರಕಟಿಸಿದರೆ ಯಾರದು ಯಾವುದೆಂದು ಊಹಿಸುವುದು ಮಕ್ಕಳಾಟ. ಅಲ್ಲಿ ಮೊತ್ತವನ್ನಷ್ಟೇ ಹೇಳಿ, ಮತಪತ್ರಗಳನ್ನು ಇಬ್ಬರು ಪರಿಶೀಲಕರು ನೋಡಿದರೆ ಸಾಕು.

ಈಗ ಎಣಿಸುವ ವಿಧಾನ. ಒಂದು ಗುಂಪಿನಲ್ಲಿ 24 ಮತದಾರರು, ಒಂದೇ ಹುದ್ದೆ, ಮೂವರು ಉಮೇದುವಾರರು. ಕ, ಖ, ಗ ಅನ್ನೋಣ. ಮಾಮೂಲಿ ಪದ್ಧತಿಯಲ್ಲಿ ಕ-ಗೆ 10, ಖ-ಗೆ 8, ಗ-ಗೆ 6 ಮತ ಬಿದ್ದವು. ಕ ಗೆದ್ದರು. ಆದರೆ ಖ ಮತ್ತು ಗ ಇಬ್ಬರದೂ ಹೆಚ್ಚುಕಡಿಮೆ ಒಂದೇ ವಿಚಾರ. ಅವರ ಕಡೆಯ 14 ಜನರಿಗೂ ಕ ಬೇಡವೇ ಬೇಡ. ಬರೀ ಖ ಮತ್ತು ಕ ನಡುವೆ ಸ್ಪರ್ಧೆ ಇದ್ದಿದ್ದರೆ ಖ 14, ಕ 10. ಬಹುಮತಕ್ಕೆ ಬೇಡದವರು ಗೆದ್ದದ್ದು ಎದುರಾಳಿಗಳು ಇಬ್ಬರಿದ್ದರು ಎಂಬ ಒಂದೇ ಕಾರಣಕ್ಕೆ. ಆ 14 ಜನರಿಗೆ ಸೋಮವಾರ ಕೆಲಸಕ್ಕೆ ಬನ್ನಿ ಎಂದು ಯಾವ ಮುಖದಲ್ಲಿ ಹೇಳುವುದು?

ಫ್ರಾನ್ಸಿನ ಗಣಿತಜ್ಞ ಕೊಂಡೊರ್ಸೆ 1785ರಲ್ಲಿ ಬರೆದದ್ದು ಇದನ್ನೇ. ಪ್ರತಿಯೊಬ್ಬರೂ ಉಮೇದುವಾರರನ್ನು ತಮ್ಮ ಇಷ್ಟದ ಕ್ರಮದಲ್ಲಿ ಬರೆಯಲಿ, ಇಬ್ಬಿಬ್ಬರನ್ನೇ ಎದುರುಬದುರು ನಿಲ್ಲಿಸಿ ನೋಡೋಣ, ಎಲ್ಲ ಜೋಡಿಯಲ್ಲೂ ಗೆಲ್ಲುವವರೇ ನಿಜವಾಗಿ ಗೆದ್ದವರು. ತೊಡಕೇನೆಂದರೆ ಕೆಲವೊಮ್ಮೆ ಕ ಖ-ಅನ್ನು, ಖ ಗ-ಅನ್ನು, ಗ ಮತ್ತೆ ಕ-ಅನ್ನು ಸೋಲಿಸಿ ಮೂವರೂ ಗಾಣದೆತ್ತಿನಂತೆ ಸುತ್ತುತ್ತಾರೆ. ಆಗ ಸುತ್ತು ಬಿಡಿಸಲು ಇನ್ನೊಂದು ನಿಯಮ ಬೇಕು. ಡೆಬಿಯನ್ 2003ರಿಂದ ಇಂಥದೊಂದು ನಿಯಮವನ್ನು ತನ್ನ ಸಂವಿಧಾನದಲ್ಲೇ ಬರೆದುಕೊಂಡಿದೆ.

ಒಂದಕ್ಕಿಂತ ಹೆಚ್ಚು ಸ್ಥಾನ ತುಂಬುವಾಗ ಕಥೆಯೇ ಬೇರೆ. 60 ಮತದಾರರು, 3 ಸ್ಥಾನ, ಒಬ್ಬೊಬ್ಬರಿಗೂ ಮೂರು ಮತ ಎಂದಿಟ್ಟುಕೊಳ್ಳಿ. 31 ಜನ ಒಗ್ಗಟ್ಟಾಗಿ ಒಂದೇ ಮೂವರಿಗೆ ಹಾಕಿದರೆ ಮೂರಕ್ಕೆ ಮೂರೂ ಅವರಿಗೇ, 29 ಜನರಿಗೆ ಸೊನ್ನೆ. ಇಲ್ಲಿ ಏಕ ವರ್ಗಾವಣೀಯ ಮತ ಪದ್ಧತಿ ಬೇಕಾಗುತ್ತದೆ. ಅದರಲ್ಲಿ ಗೆಲ್ಲಲು ಬೇಕಾದ ಮತ 16: ಅರವತ್ತನ್ನು ನಾಲ್ಕರಿಂದ ಭಾಗಿಸಿ ಒಂದು ಕೂಡಿಸಿ. ಅದಕ್ಕಿಂತ ಹೆಚ್ಚು ಬಂದ ಮತ ಮುಂದಿನ ಪ್ರಾಶಸ್ತ್ಯಕ್ಕೆ ಹರಿಯುತ್ತದೆ, ತಳದಲ್ಲಿದ್ದವರು ಹೊರಬಿದ್ದಾಗ ಅವರ ಮತವೂ ಹರಿಯುತ್ತದೆ. ಎರಡೂ ಬಣ ಗಟ್ಟಿಯಾಗಿ ನಿಂತರೆ ದೊಡ್ಡದಕ್ಕೆ ಎರಡು, ಚಿಕ್ಕದಕ್ಕೆ ಒಂದು. ವಿಕಿಪೀಡಿಯಾ ನಡೆಸುವ ವಿಕಿಮೀಡಿಯಾ ಫೌಂಡೇಶನ್ 2021ರಲ್ಲಿ ತನ್ನ ಮಂಡಳಿಯ ಚುನಾವಣೆಗೆ ಈ ಪದ್ಧತಿ ಹಿಡಿಯಿತು. ಇದೆಲ್ಲ ತಲೆಬಿಸಿ ಎನ್ನುವವರಿಗೆ ಸುಲಭದ್ದೂ ಇದೆ: ಒಪ್ಪಿಗೆ ಮತ. ನಿಮಗೆ ಒಪ್ಪಿಗೆಯಾದ ಎಲ್ಲರಿಗೂ ಗುರುತು ಹಾಕಿ, ಎಷ್ಟು ಜನಕ್ಕಾದರೂ ಸರಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಜನಕ 2018ರಲ್ಲಿ ನಾಯಕತ್ವದಿಂದ ಇಳಿದ ಮೇಲೆ ಐವರ ಮಂಡಳಿಯನ್ನು 2019ರಲ್ಲಿ ಮೊದಲು ಆರಿಸಿದ್ದು ಹೀಗೇ.

ಯಾವುದು ಅತ್ಯುತ್ತಮ ಅಂತ ಕೇಳಬೇಡಿ. ಮೂವರು ಅಥವಾ ಹೆಚ್ಚು ಉಮೇದುವಾರರಿದ್ದಾಗ, ಇಷ್ಟದ ಕ್ರಮ ಬರೆಸುವ ಯಾವ ಪದ್ಧತಿಯೂ ನ್ಯಾಯವೆನಿಸುವ ಕೆಲವು ಸರಳ ಷರತ್ತುಗಳನ್ನು ಒಟ್ಟಿಗೆ ಪೂರೈಸಲಾರದು ಎಂದು ಅರ್ಥಶಾಸ್ತ್ರಜ್ಞ ಕೆನೆತ್ ಆ್ಯರೋ 1951ರಲ್ಲೇ ತೋರಿಸಿಬಿಟ್ಟಿದ್ದಾರೆ. ಯಾವುದನ್ನು ಆರಿಸಿದರೂ ಅದರ ಒಂದು ಊನವನ್ನು ಆರಿಸಿಕೊಂಡಂತೆಯೇ. ಅದಕ್ಕೇ ಪದ್ಧತಿಯನ್ನು ನಾಮಪತ್ರಕ್ಕೆ ಮೊದಲು, ಯಾರಿಗೆ ಲಾಭ ಎಂದು ಯಾರಿಗೂ ಗೊತ್ತಿಲ್ಲದಾಗ ಬರೆದಿಡಬೇಕು. ಸಮಬಲವಾದರೆ ಏನು ಎಂಬುದನ್ನೂ ಅಲ್ಲೇ ಬರೆಯಿರಿ. ಸಣ್ಣ ಗುಂಪಿನಲ್ಲಿ ಸಮಬಲ ಅಪರೂಪವೇನಲ್ಲ. ಮತಪತ್ರದಲ್ಲಿ ಹೆಸರುಗಳು ಪ್ರತಿಯೊಬ್ಬರಿಗೂ ಬೇರೆ ಬೇರೆ ಕ್ರಮದಲ್ಲಿ ಕಾಣಲಿ, ಮೇಲಿದ್ದ ಹೆಸರಿಗೆ ಸುಮ್ಮನೆ ಒಂದೆರಡು ಮತ ಹೆಚ್ಚು ಬೀಳುವ ಚಾಳಿ ಇದೆ.

ಎಷ್ಟೇ ನೆಟ್ಟಗೆ ಎಣಿಸಿದರೂ ಒಂದೇ ಕಂಪನಿಯಿಂದ ಸಂಬಳ ಪಡೆಯುವವರು ಇಡೀ ಮಂಡಳಿ ತುಂಬಿಕೊಳ್ಳಬಹುದು. ಅವರಿಗೆ ಕೆಲಸದ ಹೊತ್ತಿನಲ್ಲೇ ಈ ಕೆಲಸ ಮಾಡುವ ಅವಕಾಶ, ಹಾಗಾಗಿ ಎಲ್ಲರಿಗೂ ಕಾಣಿಸುವವರು ಅವರೇ, ಮತ ಬೀಳುವುದೂ ಅವರಿಗೇ. ಇದರಲ್ಲಿ ಮೋಸವಿಲ್ಲ, ಆದರೂ ತಡೆ ಬೇಕು. ಪೈಥಾನ್ ಐವರಲ್ಲಿ ಒಂದು ಕಂಪನಿಯವರು ಇಬ್ಬರಿಗಿಂತ ಹೆಚ್ಚಿರಬಾರದು ಎಂದು ಬರೆದುಕೊಂಡಿದೆ. ಗ್ನೋಮ್ ಎಂಬ ಮುಕ್ತ ತಂತ್ರಾಂಶದ ಫೌಂಡೇಶನ್ನಿನಲ್ಲಿ ಈ ಮಿತಿ ಶೇ 40.

ಸಭೆಯಲ್ಲಿ ಬಂದ ಮೊದಲ ಪ್ರಶ್ನೆ: ‘ನಮ್ಮಲ್ಲಿ ಯಾರೂ ನಿಲ್ಲುವುದೇ ಇಲ್ಲ, ನೀವು ಸ್ಪರ್ಧೆಯ ಮಾತಾಡುತ್ತೀರಿ.’

ನಿಜ. ಡೆಬಿಯನ್ನಿನಂಥ ದೊಡ್ಡ ಯೋಜನೆಯಲ್ಲೂ 2019ರಲ್ಲಿ ನಾಮಪತ್ರದ ವಾರ ಮುಗಿದಾಗ ಒಂದು ಹೆಸರೂ ಬಂದಿರಲಿಲ್ಲ. ನಿಯಮದಲ್ಲಿ ಅದಕ್ಕೂ ದಾರಿ ಇತ್ತು: ಇನ್ನೊಂದು ವಾರ ವಿಸ್ತರಿಸು. ಆ ವಾರದಲ್ಲಿ ಹಲವರು ಮುಂದೆ ಬಂದರು. ಯಾರೂ ನಿಲ್ಲದಿದ್ದಾಗ ನಾನು ಮೊದಲು ನೋಡುವುದು ಹುದ್ದೆಯ ವಿವರವನ್ನು. ಅವಧಿ ಎಷ್ಟು, ಕೆಲಸ ಎಷ್ಟು, ನಡುವೆ ಇಳಿಯಬಹುದೇ ಎಂದು ಬರೆದಿಲ್ಲದ ಹುದ್ದೆಗೆ ಬುದ್ಧಿ ಇದ್ದವರು ಕೈ ಹಾಕುವುದಿಲ್ಲ. ಒಂದು ವರ್ಷದ ಅವಧಿ, ಇಬ್ಬರು ಸಹಸಂಚಾಲಕರು ಎಂದು ಮಾಡಿ ನೋಡಿ. ಇನ್ನು ಒಬ್ಬರೇ ನಿಂತರೆ ‘ಅವಿರೋಧ ಆಯ್ಕೆ’ ಎಂದು ಚಪ್ಪಾಳೆ ತಟ್ಟಿ ಮುಗಿಸಬೇಡಿ. ಡೆಬಿಯನ್ ಮತಪತ್ರದಲ್ಲಿ ‘ಮೇಲಿನ ಯಾರೂ ಬೇಡ’ ಎಂಬುದು ಯಾವಾಗಲೂ ಒಬ್ಬ ಉಮೇದುವಾರ. ಅದು ಗೆದ್ದರೆ ಮರುಚುನಾವಣೆ. ಅದನ್ನು ಸೋಲಿಸಿ ಬಂದ ಒಂಟಿ ಉಮೇದುವಾರರಿಗೆ ಇರುವ ಬಲವೇ ಬೇರೆ.

ಚುನಾವಣೆಯೇ ಬೇಡ ಎನ್ನುವವರೂ ಇದ್ದಾರೆ, ಅವರು ಹಗುರದವರಲ್ಲ. ಇಂಟರ್ನೆಟ್ಟಿನ ಮಾನಕಗಳನ್ನು ರೂಪಿಸುವ ಐಇಟಿಎಫ್‌ನಲ್ಲಿ ಕಾರ್ಯಗುಂಪುಗಳ ಅಧ್ಯಕ್ಷರನ್ನು ಮತದಿಂದ ಆರಿಸುವುದಿಲ್ಲ. ಮೇಲಿನ ನಾಯಕರನ್ನು ಆರಿಸಲು ಸ್ವಯಂಸೇವಕರಲ್ಲಿ ಹತ್ತು ಜನರನ್ನು ಚೀಟಿ ಎತ್ತಿ ತೆಗೆದು, ಅವರ ಸಮಿತಿಗೆ ಆ ಕೆಲಸ ಒಪ್ಪಿಸುತ್ತಾರೆ. ಚೀಟಿ ಎತ್ತುವುದೂ ಎಲ್ಲರೂ ಪರೀಕ್ಷಿಸಬಹುದಾದ ರೀತಿಯಲ್ಲಿ: ಇಂಥ ದಿನದ ಇಂಥ ಲಾಟರಿ ಸಂಖ್ಯೆಗಳನ್ನು ಬಳಸುತ್ತೇವೆ ಎಂದು ಮುಂಚೆಯೇ ಪ್ರಕಟಿಸಿ, ಆ ಸಂಖ್ಯೆಗಳಿಂದ ಲೆಕ್ಕ ಹಾಕುತ್ತಾರೆ. ನಿಮ್ಮ ಗುಂಪಿನ ಸಮಬಲ ಬಿಡಿಸುವುದಕ್ಕಾದರೂ ಈ ಉಪಾಯ ಕದಿಯಿರಿ.

ಎರಡನೆಯ ಪ್ರಶ್ನೆ: ‘ಫಲಿತಾಂಶ ಬಂತು. ಆಮೇಲೆ?’

ಫಲಿತಾಂಶದ ಟಿಪ್ಪಣಿಯಲ್ಲಿ ನಾಲ್ಕು ಸಂಖ್ಯೆ ಇರಲಿ: ಪಟ್ಟಿಯಲ್ಲಿದ್ದವರು, ಮತ ಹಾಕಿದವರು, ತಿರಸ್ಕೃತ ಮತ, ಪ್ರತಿ ಸುತ್ತಿನ ಎಣಿಕೆ. ದೂರು ಕೊಡಲು ಮೂರು ದಿನ, ಕೇಳುವವರು ಚುನಾವಣಾಧಿಕಾರಿಯಲ್ಲದ ಬೇರೊಬ್ಬರು. ಮತದಾರರ ಇಮೇಲುಗಳಿರುವ ಕಡತ ಯಾವ ದಿನ ಅಳಿಸುತ್ತೇವೆಂದೂ ಹೇಳಿ, ಆ ದಿನ ಅಳಿಸಿ. ಸೋತವರ ಹತ್ತಿರ ಗೆದ್ದವರು ಅದೇ ದಿನ ಮಾತಾಡಬೇಕು, ಅವರ ಪ್ರಣಾಳಿಕೆಯಲ್ಲಿದ್ದ ಯಾವ ಕೆಲಸ ಅವರೇ ವಹಿಸಿಕೊಳ್ಳುತ್ತಾರೆಂದು ಕೇಳಬೇಕು. ಸುಮ್ಮನೆ ‘ನಿಮ್ಮ ಸಹಕಾರ ಇರಲಿ’ ಎಂದರೆ ಅದು ಅಡ್ಡಗೋಡೆ ಮೇಲಿನ ದೀಪ.

ಮತ್ತೆ, ಪಾಸ್‌ವರ್ಡ್. ಇದನ್ನು ನಾನು ತಮಾಷೆಗೆ ಹೇಳುತ್ತಿಲ್ಲ. ನಾನಿದ್ದ ಒಂದು ಗುಂಪಿನಲ್ಲಿ ಹೊಸ ಸಂಚಾಲಕಿ ಒಳ್ಳೆಯ ಬಹುಮತದಿಂದ ಗೆದ್ದರು. ಹಳೆಯವರು ಅಭಿನಂದನೆ ಬರೆದರು, ಎಲ್ಲರೂ ಹೊಗಳಿದರು. ಡೊಮೈನ್ ಹಳೆಯವರ ಸ್ವಂತ ಖಾತೆಯಲ್ಲಿತ್ತು, ಚಾಟಿನ ಅಡ್ಮಿನ್ ಅವರೊಬ್ಬರೇ, ಎರಡನೇ ದೃಢೀಕರಣದ ಸಂಖ್ಯೆ ಹೋಗುತ್ತಿದ್ದದ್ದು ಅವರ ಹಳೆಯ ಫೋನಿಗೆ. ಅವರಿಗೆ ಕೆಟ್ಟ ಉದ್ದೇಶವಿರಲಿಲ್ಲ, ‘ಈ ವಾರ ಕೊಡುತ್ತೇನೆ’ ಎನ್ನುತ್ತಲೇ ಇದ್ದರು. ಮೂರು ತಿಂಗಳು ಗೆದ್ದವರು ಪ್ರತಿ ಸಣ್ಣ ಕೆಲಸಕ್ಕೂ ಅವರ ಅನುಮತಿ ಕೇಳಿಕೊಂಡು ಗುಂಪು ನಡೆಸಿದರು. ಆ ಚುನಾವಣೆಯ ಅಧಿಕಾರಿಯೂ ನಾನೇ. ಈಗ ನನ್ನ ವೇಳಾಪಟ್ಟಿಯಲ್ಲಿ ನಾಮಪತ್ರಕ್ಕಿಂತ ಮೊದಲಿನ ಸಾಲು, ಎಲ್ಲ ಖಾತೆಗಳ ಪಟ್ಟಿ ಮತ್ತು ಪ್ರತಿಯೊಂದಕ್ಕೂ ಎರಡನೆಯ ಕೀಲಿ ಯಾರ ಬಳಿ ಇದೆ ಎಂಬುದು.